ನಿನ್ನೆಯ ಅನ್ನ, ಥಾಯ್ ಬಾಣಲೆ

ಹೊಟೇಲಿನ ಮೆನುವಿನಲ್ಲಿ 'ಥಾಯ್ ಫ್ರೈಡ್ ರೈಸ್' ಎಂಬ ಹೆಸರು ಕಂಡು ತರಿಸಿಕೊಂಡರೆ ಏನು ಬರುತ್ತದೆಂದು ನಿಮಗೆ ಗೊತ್ತಿರಬಹುದು. ಕೆಂಪು ಬಣ್ಣದ ಅನ್ನ, ಅದರ ಮೇಲೆ ಎಣ್ಣೆಯ ಹೊಳಪು, ನಡುನಡುವೆ ಕ್ಯಾಪ್ಸಿಕಂ ತುಂಡುಗಳು, ಸಿಹಿಯೋ ಖಾರವೋ ತಿಳಿಯದ ಒಂದು ರುಚಿ. ಬೆಲೆ ಮಾತ್ರ ಸಾದಾ ಫ್ರೈಡ್ ರೈಸ್‌ಗಿಂತ ಹೆಚ್ಚು. ಥಾಯ್ಲೆಂಡಿನ ಗೃಹಿಣಿಯೊಬ್ಬಳ ಮುಂದೆ ಆ ಪ್ಲೇಟನ್ನಿಟ್ಟರೆ, 'ಇದು ಯಾವ ದೇಶದ ಅಡುಗೆ?' ಎಂದು ಅವಳೇ ನಮ್ಮನ್ನು ಕೇಳಿಯಾಳು. ಆದರೆ ನಗುವ ಹಾಗಿಲ್ಲ. ಥಾಯ್ಲೆಂಡಿನಲ್ಲೂ 'ಅಮೆರಿಕನ್ ಫ್ರೈಡ್ ರೈಸ್' ಎಂಬುದೊಂದಿದೆ. ಟೊಮೆಟೊ ಕೆಚಪ್ ಹಾಕಿ ಹುರಿದ ಅನ್ನಕ್ಕೆ ಒಣದ್ರಾಕ್ಷಿ ಸೇರಿಸಿ, ಮೇಲೊಂದು ಮೊಟ್ಟೆ ಕೂರಿಸಿ ಕೊಡುತ್ತಾರೆ. ಅಮೆರಿಕದವರಿಗೆ ಅದರ ಪರಿಚಯವೇ ಇಲ್ಲ! ದೂರದ ದೇಶದ ಹೆಸರಿಟ್ಟು ಅನ್ನಕ್ಕೆ ಬಣ್ಣ ಬಳಿಯುವ ಚಾಳಿ ಎಲ್ಲ ಕಡೆಯೂ ಇದ್ದದ್ದೇ.

ನಿಜವಾದ ಥಾಯ್ ಫ್ರೈಡ್ ರೈಸ್ ಹೊಟೇಲಿನ ಅಡುಗೆಯೇ ಅಲ್ಲ ಸಹೋದರಿಯರೇ. ಅದು ಮನೆಯ ಅಡುಗೆ. ಅದಕ್ಕೆ ಅಲ್ಲಿ 'ಖಾವ್ ಪತ್' ಎನ್ನುತ್ತಾರೆ. 'ಖಾವ್' ಎಂದರೆ ಅನ್ನ, 'ಪತ್' ಎಂದರೆ ಬಾಣಲೆಯಲ್ಲಿ ಕೈಯಾಡಿಸುತ್ತಾ ಹುರಿಯುವುದು. ಬಾಣಲೆಯಲ್ಲಿ ಹುರಿಯುವ ಈ ವಿದ್ಯೆ ಚೀನಾದಿಂದ ಬಂದು ನೆಲೆಸಿದವರ ಮೂಲಕ ಅಲ್ಲಿಗೆ ಬಂತು. ಥಾಯ್ ಜನರು ಅದಕ್ಕೆ ತಮ್ಮ ಮೀನಿನ ರಸವನ್ನೂ ಲಿಂಬೆಯನ್ನೂ ಸೇರಿಸಿ ತಮ್ಮದಾಗಿಸಿಕೊಂಡರು. ಉಳಿದ ಅನ್ನ, ಒಂದೆರಡು ಮೊಟ್ಟೆ, ಕೈಗೆ ಸಿಕ್ಕಿದ ನಾಲ್ಕು ಸಿಗಡಿ ಅಥವಾ ಒಂದು ಹಿಡಿ ಕೋಳಿಮಾಂಸ. ಹತ್ತು ನಿಮಿಷದಲ್ಲಿ ಊಟ ಸಿದ್ಧ. ನಮ್ಮಲ್ಲಿ ಉಳಿದ ಅನ್ನಕ್ಕೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡುತ್ತೇವಲ್ಲ, ಅವರಿಗೆ ಇದು ಹಾಗೆಯೇ. ಚಿತ್ರಾನ್ನಕ್ಕೆ ನಾವು ಹದಿನೆಂಟು ಸಾಮಾನು ಹಾಕುತ್ತೇವೆಯೇ? ಇಲ್ಲ. ಖಾವ್ ಪತ್‌ಗೂ ಹಾಕುವುದಿಲ್ಲ.

ಆ ಜನರಿಗೆ ಅನ್ನದ ಮೇಲಿರುವ ಪ್ರೀತಿ ನಮ್ಮದಕ್ಕಿಂತ ಕಡಿಮೆಯದ್ದಲ್ಲ. ಥಾಯ್ ಭಾಷೆಯಲ್ಲಿ ಊಟ ಮಾಡುವುದಕ್ಕೆ 'ಕಿನ್ ಖಾವ್' ಎನ್ನುತ್ತಾರೆ. ಪದಶಃ ಹೇಳುವುದಾದರೆ 'ಅನ್ನ ತಿನ್ನುವುದು'. ಎದುರು ಸಿಕ್ಕಿದ ಪರಿಚಯದವರನ್ನು ಕುಶಲ ವಿಚಾರಿಸುವಾಗಲೂ 'ಅನ್ನ ತಿಂದಾಯಿತೇ?' ಎಂದೇ ಕೇಳುತ್ತಾರೆ. ನಮ್ಮೂರಿನ 'ಊಟ ಆಯ್ತಾ?' ನೆನಪಾಗುವುದಿಲ್ಲವೇ? ಹೀಗಿರುವಾಗ ಅವರ ಈ ಅಡುಗೆಯಲ್ಲಿ ಅನ್ನವೇ ಮುಖ್ಯ, ಉಳಿದದ್ದೆಲ್ಲ ಅದಕ್ಕೆ ಜೊತೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ಮೊದಲು ಅಕ್ಕಿಯ ಮಾತು. ಅಲ್ಲಿನ ಹೆಸರುವಾಸಿ ಅಕ್ಕಿ 'ಖಾವ್ ಹೋಮ್ ಮಲಿ'. ಅಂಗಡಿಗಳಲ್ಲಿ ಜಾಸ್ಮಿನ್ ರೈಸ್ ಎಂದು ಮಾರುವುದು ಇದನ್ನೇ. 'ಮಲಿ' ನಮ್ಮ ಮಲ್ಲಿಗೆಯೇ. 1959ರಲ್ಲಿ ಅಲ್ಲಿನ ಸರಕಾರ ರೈತರಿಗೆ ಬಿಡುಗಡೆ ಮಾಡಿದ 'ಖಾವ್ ಡಾಕ್ ಮಲಿ 105' ಎಂಬ ತಳಿ ಇದರಲ್ಲಿ ಬಹಳ ಪ್ರಸಿದ್ಧ. ಹೆಸರಿನಲ್ಲಿ ಮಲ್ಲಿಗೆ ಇದ್ದರೂ ಪರಿಮಳ ಮಲ್ಲಿಗೆಯದ್ದಲ್ಲ. ಬಾಸ್ಮತಿಯಲ್ಲಿ ಯಾವ ಸುವಾಸನೆಯ ಅಂಶ ಇದೆಯೋ ಇದರಲ್ಲೂ ಅದೇ ಇದೆ. ನಮ್ಮ ಕೆಲವು ಮನೆಗಳ ಅಂಗಳದಲ್ಲಿ ಬಿರಿಯಾನಿ ಎಲೆಯೆಂದು ಬೆಳೆಸುವ ಉದ್ದನೆಯ ಹಸಿರೆಲೆಯಲ್ಲಿರುವುದೂ ಅದೇ. ಬೆಂದಾಗ ಈ ಅಕ್ಕಿ ಬಾಸ್ಮತಿಯಷ್ಟು ಬಿಡಿಬಿಡಿಯಾಗಿ ನಿಲ್ಲುವುದಿಲ್ಲ, ಸ್ವಲ್ಪ ಮೆತ್ತಗೆ, ಸ್ವಲ್ಪ ಅಂಟು. ಹಾಗೆಂದು ದುಬಾರಿ ಬೆಲೆ ಕೊಟ್ಟು ಅದನ್ನೇ ತರಬೇಕೆಂದು ನಾನು ಹೇಳಲಾರೆ. ಸೋನಾ ಮಸೂರಿ ಚೆನ್ನಾಗಿಯೇ ಹೊಂದುತ್ತದೆ. ಬಾಸ್ಮತಿಯಲ್ಲಿ ಮಾಡಿದರೆ ತಿನ್ನಲು ಚೆನ್ನ, ಆದರೆ ಬಾಯಿಗೆ ಬಿರಿಯಾನಿಯ ನೆನಪು ತರುತ್ತದೆ. ಕುಚ್ಚಲಕ್ಕಿ ಬೇಡ. ಅದರ ದಪ್ಪ ಕಾಳು ಸಾರಿಗೆ, ಗಂಜಿಗೆ ಹೇಳಿ ಮಾಡಿಸಿದ್ದು. ಅದರ ಮರ್ಯಾದೆ ಅಲ್ಲೇ ಇರಲಿ.

ಅನ್ನ ಮಾಡುವಾಗ ದಿನವೂ ಹಾಕುವ ನೀರಿಗಿಂತ ಕಾಲು ಲೋಟ ಕಡಿಮೆ ಹಾಕಿ. ಗಂಜಿ ಬಸಿದು ಅನ್ನ ಮಾಡುವ ಅಭ್ಯಾಸವಿದ್ದರೆ ಇನ್ನೂ ಒಳ್ಳೆಯದು. ಆಮೇಲೆ ಅದು ಪೂರ್ತಿ ತಣ್ಣಗಾಗಬೇಕು. ಬಿಸಿ ಅನ್ನದ ಪಿಷ್ಟ ಮೆತ್ತಗಿರುತ್ತದೆ. ಬಾಣಲೆಗೆ ಹಾಕಿದ ಕೂಡಲೇ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ. ತಣ್ಣಗಾದಾಗ ಅದೇ ಪಿಷ್ಟ ಗಟ್ಟಿಯಾಗುತ್ತದೆ, ಮೇಲಿನ ತೇವವೂ ಆರುತ್ತದೆ. ಹಾಗಾಗಿ ಕಾಳುಗಳು ಬಿಡಿಬಿಡಿಯಾಗಿ ಹುರಿಯುತ್ತವೆ. ಹಿಂದಿನ ದಿನದ ಅನ್ನವೇ ಇದಕ್ಕೆ ಶ್ರೇಷ್ಠ ಎನ್ನುವುದು ಇದೇ ಕಾರಣಕ್ಕೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. 'ಹಿಂದಿನ ದಿನದ ಅನ್ನ' ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ರಾತ್ರಿಯಿಡೀ ಅಡುಗೆಮನೆಯ ಕಟ್ಟೆಯ ಮೇಲೆ ಮುಚ್ಚಿಟ್ಟ ಪಾತ್ರೆ. ಅದಂತೂ ಖಂಡಿತ ಬೇಡ.

ಮಧ್ಯಾಹ್ನದ ಊಟದ ಬಳಿಕದ ಪೀರಿಯಡ್‌ನಲ್ಲಿ ಮಗುವೊಂದು ವಾಂತಿ ಮಾಡಿಕೊಂಡರೆ ಶಿಕ್ಷಕಿಯಾದ ನಾನು ಮೊದಲು ಕೇಳುವುದು, 'ಡಬ್ಬಿಯಲ್ಲಿ ಏನಿತ್ತು?' ಎಂದು. ಕೆಲವು ವರ್ಷಗಳ ಹಿಂದೆ ನಾಲ್ಕನೇ ತರಗತಿಯ ಹುಡುಗನೊಬ್ಬ ಹೀಗೆ ಎರಡು ಮೂರು ಬಾರಿ ವಾಂತಿ ಮಾಡಿ ಬೆಂಚಿನ ಮೇಲೆ ತಲೆಯಿಟ್ಟು ಮಲಗಿಬಿಟ್ಟ. ಜ್ವರ ಇರಲಿಲ್ಲ. ಡಬ್ಬಿಯಲ್ಲಿದ್ದದ್ದು ಫ್ರೈಡ್ ರೈಸ್. ಕರೆದೊಯ್ಯಲು ಬಂದ ತಾಯಿ, 'ರಾತ್ರಿಯ ಅನ್ನ ಕುಕ್ಕರಿನಲ್ಲೇ ಇತ್ತು ಟೀಚರ್, ಬೆಳಿಗ್ಗೆ ಚೆನ್ನಾಗಿ ಬಿಸಿ ಮಾಡಿಯೇ ಹಾಕಿದ್ದೆ' ಎಂದರು. ಮರುದಿನ ಹುಡುಗ ನಗುತ್ತಾ ಶಾಲೆಗೆ ಬಂದ. ಕಾರಣ ಅದೇ ಎಂದು ಪ್ರಮಾಣ ಮಾಡಿ ಹೇಳಲು ನಾನು ವೈದ್ಯೆಯಲ್ಲ. ಆದರೆ ಆ ತಾಯಿ ಹೇಳಿದ 'ಚೆನ್ನಾಗಿ ಬಿಸಿ ಮಾಡಿದ್ದೆ' ಎಂಬ ಮಾತನ್ನು ನಾವೆಲ್ಲರೂ ನಂಬುತ್ತೇವಲ್ಲ, ಅಪಾಯ ಇರುವುದು ಅದರಲ್ಲೇ.

ಹಸಿ ಅಕ್ಕಿಯಲ್ಲೇ 'ಬ್ಯಾಸಿಲಸ್ ಸೀರಿಯಸ್' ಎಂಬ ಬ್ಯಾಕ್ಟೀರಿಯಾದ ಬೀಜಕಣಗಳಿರುತ್ತವೆ. ಅನ್ನ ಬೆಂದರೂ ಅವು ಸಾಯುವುದಿಲ್ಲ. ಬೆಂದ ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಹೊರಗೇ ಇದ್ದರೆ ಅವು ಮೊಳೆತು, ಹೆಚ್ಚಿ, ಒಂದು ವಿಷವನ್ನು ಉಂಟುಮಾಡುತ್ತವೆ. ಆ ವಿಷ ಬೆಂಕಿಗೂ ಜಗ್ಗುವುದಿಲ್ಲ. ಬಾಣಲೆಯಲ್ಲಿ ಎಷ್ಟೇ ಹೊಗೆಯೆಬ್ಬಿಸಿ ಹುರಿದರೂ ಅದು ಹಾಗೆಯೇ ಉಳಿಯುತ್ತದೆ. ತಿಂದ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ಹೊಟ್ಟೆ ತೊಳಸಿ ವಾಂತಿಯಾಗುತ್ತದೆ. ಹೆಚ್ಚಿನವರು ಒಂದು ದಿನದಲ್ಲಿ ಚೇತರಿಸಿಕೊಳ್ಳುತ್ತಾರೆ. ಆದರೆ ಪುಟ್ಟ ಮಕ್ಕಳಿಗೆ, ವಯಸ್ಸಾದವರಿಗೆ, ಬಸುರಿಯರಿಗೆ ಅದೇ ಒಂದು ದಿನ ಭಾರವಾದೀತು. 1970ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಚೈನೀಸ್ ಹೊಟೇಲುಗಳ ಫ್ರೈಡ್ ರೈಸ್ ತಿಂದವರಲ್ಲಿ ಈ ಕಾಯಿಲೆಯನ್ನು ವೈದ್ಯರು ಗುರುತಿಸಿದರು. ಅಲ್ಲೂ ಕಾರಣ ಇದೇ. ಬೇಯಿಸಿದ ಅನ್ನವನ್ನು ಹೊರಗೇ ರಾಶಿ ಹಾಕಿಟ್ಟು ಆಮೇಲೆ ಹುರಿಯುತ್ತಿದ್ದರು.

ಹಾಗಾದರೆ ಏನು ಮಾಡಬೇಕು? ಬಹಳ ಸುಲಭ. ಒಲೆಯಿಂದ ಇಳಿಸಿದ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ತೆಳುವಾಗಿ ಹರಡಿ ಫ್ಯಾನಿನ ಕೆಳಗಿಡಿ. ಸ್ವಲ್ಪ ಹೊತ್ತಿನಲ್ಲೇ ಹಬೆಯೆಲ್ಲ ಹೋಗುತ್ತದೆ. ಒಂದು ಗಂಟೆ ಕಳೆಯುವ ಮುನ್ನ ಮುಚ್ಚಳವಿರುವ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಿ. ಮರುದಿನವೇ ಉಪಯೋಗಿಸಿ, ಅದಕ್ಕಿಂತ ಹೆಚ್ಚು ಇಡಬೇಡಿ. ಒಮ್ಮೆ ಹುರಿದ ಮೇಲೆ ಉಳಿದದ್ದನ್ನು ಮತ್ತೆ ಬಿಸಿ ಮಾಡಬೇಡಿ. ನಿಮ್ಮ ಮನೆಯಲ್ಲಿ ಫ್ರಿಜ್ ಇಲ್ಲವೇ, ಅಥವಾ ರಾತ್ರಿಯಿಡೀ ಕರೆಂಟ್ ಇರುವುದಿಲ್ಲವೇ? ಹಾಗಾದರೆ ನಿನ್ನೆಯ ಅನ್ನದ ಆಸೆ ಬಿಟ್ಟು ಅದೇ ದಿನ ಅನ್ನ ಮಾಡಿ, ಹರಡಿ, ಅರ್ಧ ಗಂಟೆ ಆರಿಸಿ ಹುರಿಯಿರಿ. ರುಚಿಯಲ್ಲಿ ಹೆಚ್ಚೇನೂ ಕಡಿಮೆಯಾಗುವುದಿಲ್ಲ. ಇನ್ನು ಶಾಲೆಯ ಡಬ್ಬಿಯ ವಿಷಯ. ಬೆಳಿಗ್ಗೆ ಏಳೂವರೆಗೆ ತುಂಬಿದ ಡಬ್ಬಿಯನ್ನು ಮಗು ತೆರೆಯುವುದು ಒಂದು ಗಂಟೆಗೆ. ಅಷ್ಟು ಹೊತ್ತು ಬೆಚ್ಚಗೆ ಬ್ಯಾಗಿನೊಳಗಿರುವ ಡಬ್ಬಿಗೆ ಉಳಿದ ಅನ್ನದ ಫ್ರೈಡ್ ರೈಸ್ ಬೇಡ. ಇದನ್ನು ರಾತ್ರಿಯ ಊಟಕ್ಕೆ ಇಟ್ಟುಕೊಳ್ಳಿ.

ಈಗ ರುಚಿಯ ವಿಷಯಕ್ಕೆ ಬರೋಣ. ಥಾಯ್ ರುಚಿಯ ಗುಟ್ಟು 'ನಾಂ ಪ್ಲಾ', ಅಂದರೆ ಮೀನಿನ ಸಾಸ್. ನಾವು ಕೊಲ್ಲತರು, ನೆತ್ತೋಲಿ ಎಂದೆಲ್ಲ ಕರೆಯುವ ಜಾತಿಯ ಸಣ್ಣ ಮೀನನ್ನು ಉಪ್ಪಿನೊಂದಿಗೆ ದೊಡ್ಡ ತೊಟ್ಟಿಗಳಲ್ಲಿ ಒಂದು ವರ್ಷ, ಒಂದೂವರೆ ವರ್ಷ ಇಟ್ಟರೆ ಮೀನು ಕರಗಿ ಜೇನಿನ ಬಣ್ಣದ ರಸ ಇಳಿಯುತ್ತದೆ. ಅದೇ ನಾಂ ಪ್ಲಾ. ಬಾಟಲಿ ತೆರೆದ ಮೊದಲ ದಿನ ನಮ್ಮ ಅತ್ತೆಯವರು ಮೂಗು ಮುಚ್ಚಿಕೊಂಡು, 'ಒಣಮೀನು ತೊಳೆದ ನೀರನ್ನು ದುಡ್ಡು ಕೊಟ್ಟು ತಂದೆಯಾ?' ಎಂದು ಕೇಳಿದ್ದರು. ಒಣಮೀನಿನ ಚಟ್ನಿ ಇಲ್ಲದೆ ಗಂಜಿ ಕುಡಿಯದವರು ಅವರು! ಬಿಸಿ ಬಾಣಲೆಗೆ ಬಿದ್ದ ಕ್ಷಣದಲ್ಲಿ ಆ ವಾಸನೆ ಹೋಗಿ ಒಳ್ಳೆಯ ಘಮ ಮಾತ್ರ ಉಳಿಯುತ್ತದೆ. ಅಜಿನೊಮೊಟೊ ಹಾಕಬೇಕೇ ಎಂದು ಹಲವರು ಕೇಳುತ್ತಾರೆ. ಅದರಲ್ಲಿರುವ ರುಚಿಯ ಅಂಶವಾದ ಗ್ಲುಟಮೇಟ್ ಮೀನಿನ ಸಾಸಿನಲ್ಲಿ ತಾನಾಗಿಯೇ ಧಾರಾಳವಾಗಿದೆ. ಬೇರೆ ಹಾಕುವ ಅಗತ್ಯವೇ ಬೀಳುವುದಿಲ್ಲ.

ಆದರೆ ಉಪ್ಪಿನ ಬಗ್ಗೆ ಎಚ್ಚರ ಇರಲಿ. ಒಂದು ದೊಡ್ಡ ಚಮಚ ಮೀನಿನ ಸಾಸಿನಲ್ಲಿ ಸುಮಾರು 1,400 ಮಿಲಿಗ್ರಾಂ ಸೋಡಿಯಂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಇಡೀ ದಿನಕ್ಕೆ ಹೇಳುವುದು 2,000 ಮಿಲಿಗ್ರಾಂಗಿಂತ ಕಡಿಮೆ. ಆದ್ದರಿಂದ ಈ ಅಡುಗೆಗೆ ಬೇರೆ ಉಪ್ಪು ಒಂದು ಚಿಟಿಕೆಯೂ ಬೇಡ. ಮನೆಯಲ್ಲಿ ರಕ್ತದೊತ್ತಡದವರಿದ್ದರೆ ಸಾಸನ್ನು ಅರ್ಧ ಮಾಡಿ, ಲಿಂಬೆರಸ ಹೆಚ್ಚು ಹಿಂಡಿ. ಹುಳಿ ಸೇರಿದಾಗ ಉಪ್ಪು ಕಡಿಮೆಯಾದದ್ದು ನಾಲಿಗೆಗೆ ಅಷ್ಟಾಗಿ ತಿಳಿಯುವುದಿಲ್ಲ. ಮೀನು, ಸಿಗಡಿ ಒಗ್ಗದವರಿಗೆ ಈ ಅಡುಗೆ ಕೊಡಲೇಬೇಡಿ. ಸಿಗಡಿಯ ಬದಲು ಕೋಳಿ ಹಾಕಿದರೂ ಸಾಸಿನಲ್ಲಿ ಮೀನಿದೆ ಎಂಬುದನ್ನು ಮರೆಯಬಾರದು.

ಹಲಾಲ್ ವಿಷಯದಲ್ಲಿ ಮೀನಿನ ಸಾಸ್ ತೊಂದರೆಯದ್ದಲ್ಲ. ಸಾಮಾನ್ಯವಾಗಿ ಅದರಲ್ಲಿರುವುದು ಮೀನು, ಉಪ್ಪು, ಕೆಲವೊಮ್ಮೆ ಸಕ್ಕರೆ. ಆದರೆ ಸೋಯಾ ಸಾಸ್, ಆಯ್ಸ್ಟರ್ ಸಾಸ್‌ಗಳ ಬಾಟಲಿಯ ಹಿಂಬದಿಯನ್ನು ಓದಿಯೇ ಕೊಳ್ಳಿ. ಕೆಲವು ತಯಾರಕರು ಕೆಡದಿರಲೆಂದು ಆಲ್ಕೊಹಾಲ್ ಸೇರಿಸುತ್ತಾರೆ. ಥಾಯ್ಲೆಂಡಿನಿಂದ ಬರುವ ಅನೇಕ ಸಾಸ್‌ಗಳ ಮೇಲೆ ಅಲ್ಲಿನ ಕೇಂದ್ರ ಇಸ್ಲಾಮಿಕ್ ಮಂಡಳಿಯ ಹಲಾಲ್ ಮುದ್ರೆ ಇರುತ್ತದೆ. ಬೌದ್ಧರೇ ಬಹುಸಂಖ್ಯಾತರಾಗಿರುವ ಆ ದೇಶದಲ್ಲಿ ಹಲಾಲ್ ಪರೀಕ್ಷೆಗೆಂದೇ ಬ್ಯಾಂಕಾಕಿನ ಚುಲಲಾಂಗ್‌ಕಾರ್ನ್ ವಿಶ್ವವಿದ್ಯಾಲಯದಲ್ಲಿ ಒಂದು ವಿಜ್ಞಾನ ಕೇಂದ್ರವೂ ಇದೆ. ಮನೆಯವರಲ್ಲಿ ಯಾರಾದರೂ ವ್ಯಾಪಾರಕ್ಕೋ ಪ್ರವಾಸಕ್ಕೋ ಅಲ್ಲಿಗೆ ಹೋಗುವವರಿದ್ದರೆ ಒಂದು ಮಾತು ತಿಳಿಸಿ. ಬೀದಿಯ ಅಂಗಡಿಗಳಲ್ಲಿ ಹಂದಿಮಾಂಸದ ಖಾವ್ ಪತ್ ಸಾಮಾನ್ಯ, ಬಾಣಲೆ ಎಲ್ಲಕ್ಕೂ ಒಂದೇ. ಮುಸ್ಲಿಮರ ಅಂಗಡಿ ಹುಡುಕಿಕೊಂಡು ಹೋಗುವುದೇ ಕ್ಷೇಮ.

ಮೀನಿನ ಸಾಸ್ ಈಗ ದೊಡ್ಡ ಪೇಟೆಗಳ ಸೂಪರ್ ಮಾರ್ಕೆಟ್‌ಗಳಲ್ಲಿ ಸಿಗುತ್ತದೆ. ಗಲ್ಫ್‌ನಲ್ಲಿರುವ ನಮ್ಮವರಿಗಂತೂ ಸುಲಭವಾಗಿ ಸಿಗುವ ವಸ್ತು. ರಜೆಗೆ ಬರುವವರ ಬಳಿ ಬಾದಾಮಿ, ಪಿಸ್ತಾದ ಜೊತೆ ಇದನ್ನೂ ಒಂದು ಬಾಟಲಿ ಹೇಳಬಹುದು. ಸಿಗದಿದ್ದರೆ ಒಂದು ಉಪಾಯವಿದೆ. ಒಣಸಿಗಡಿಯ ತಲೆ ಬಾಲ ತೆಗೆದು, ಬಿಸಿ ಕಾವಲಿಯಲ್ಲಿ ಗರಿಗರಿಯಾಗಿ ಹುರಿದು ಪುಡಿ ಮಾಡಿ. ಒಂದು ಚಿಕ್ಕ ಚಮಚ ಪುಡಿಯ ಜೊತೆ ಅಳತೆಯ ಉಪ್ಪು ಹಾಕಿದರೆ ರುಚಿ ಸಾಕಷ್ಟು ಹತ್ತಿರ ಬರುತ್ತದೆ. ಬರೀ ಸೋಯಾ ಸಾಸ್ ಸುರಿದರೆ ಅದು ಚೈನೀಸ್ ಫ್ರೈಡ್ ರೈಸ್ ಆಗುತ್ತದೆ. ಅದೂ ಒಳ್ಳೆಯದೇ, ಆದರೆ ಅದರ ಹೆಸರಿನಲ್ಲೇ ಕರೆಯೋಣ.

ಇಬ್ಬರಿಗೆ ಬೇಕಾದ ಅಳತೆ ಹೇಳುತ್ತೇನೆ. ಎರಡು ಕಪ್ ತಣ್ಣಗಿನ ಅನ್ನ, ಐದು ಎಸಳು ಬೆಳ್ಳುಳ್ಳಿ ಜಜ್ಜಿ ಕೊಚ್ಚಿದ್ದು, ಎರಡು ಮೊಟ್ಟೆ, ಸಿಪ್ಪೆ ಮತ್ತು ನಡುವಿನ ಕಪ್ಪು ನರ ತೆಗೆದ ಹತ್ತು ಹನ್ನೆರಡು ಸಿಗಡಿ, ಅರ್ಧ ನೀರುಳ್ಳಿ ಉದ್ದಕ್ಕೆ ಸೀಳಿದ್ದು, ಒಂದು ಸಣ್ಣ ಟೊಮೆಟೊ ನಾಲ್ಕು ಹೋಳು ಮಾಡಿದ್ದು, ಒಂದು ಹಿಡಿ ಎಲೆಕೋಸು. ಸಾಸ್‌ಗಳನ್ನು ಮೊದಲೇ ಒಂದು ಬಟ್ಟಲಲ್ಲಿ ಕಲಸಿಡಿ. ಒಂದು ದೊಡ್ಡ ಚಮಚ ಮೀನಿನ ಸಾಸ್, ಒಂದು ಚಿಕ್ಕ ಚಮಚ ಸೋಯಾ ಸಾಸ್, ಅರ್ಧ ಚಿಕ್ಕ ಚಮಚ ಸಕ್ಕರೆ. ಇಷ್ಟೇ. ಗರಂ ಮಸಾಲೆ, ಕೆಂಪು ಬಣ್ಣ, ವಿನೆಗರ್ ಯಾವುದೂ ಇಲ್ಲ. ಒಲೆ ಹೊತ್ತಿಸುವ ಮೊದಲೇ ಎಲ್ಲವೂ ಕೈಯಳತೆಯಲ್ಲಿರಬೇಕು. ಹುರಿಯಲು ಶುರುವಾದ ಮೇಲೆ ನೀರುಳ್ಳಿ ಕೊಚ್ಚಲು ಸಮಯ ಸಿಗುವುದಿಲ್ಲ. ಫ್ರಿಜ್ಜಿನ ಅನ್ನ ಗಟ್ಟಿಯಾಗಿರುವುದರಿಂದ ಒದ್ದೆ ಮಾಡಿದ ಕೈಯಿಂದ ಉಂಡೆಗಳನ್ನೆಲ್ಲ ಬಿಡಿಸಿಡಿ.

ಕಬ್ಬಿಣದ ಬಾಣಲೆ ಇದ್ದರೆ ಹೊರತೆಗೆಯಿರಿ. ನಮ್ಮ ಉಮ್ಮಂದಿರ ಕಾಲದ ಆ ಕಪ್ಪು ಬಾಣಲೆಯನ್ನು ಗುಜರಿಗೆ ಹಾಕಿ ನಾನ್‌ಸ್ಟಿಕ್ ತಂದವರು ಈ ಅಡುಗೆ ಮಾಡುವಾಗ ಪಶ್ಚಾತ್ತಾಪ ಪಡುತ್ತಾರೆ. ನಾನ್‌ಸ್ಟಿಕ್ ಪಾತ್ರೆಯನ್ನು ಹೊಗೆಯಾಡುವಷ್ಟು ಕಾಯಿಸಬಾರದು, ಇದಕ್ಕೆ ಬೇಕಾಗಿರುವುದು ಅಂಥದ್ದೇ ಕಾವು. ಬಾಣಲೆ ಚೆನ್ನಾಗಿ ಕಾದು ಸಣ್ಣಗೆ ಹೊಗೆ ಬಂದಾಗ ಒಂದು ದೊಡ್ಡ ಚಮಚ ಎಣ್ಣೆ ಹಾಕಿ. ಸೂರ್ಯಕಾಂತಿ, ನೆಲಗಡಲೆ ಯಾವುದಾದರೂ ಸರಿ. ಮೊದಲು ಸಿಗಡಿ ಹಾಕಿ, ಬಣ್ಣ ತಿರುಗಿ ಬೆಂದ ಕೂಡಲೇ ತೆಗೆದಿಡಿ. ಹೆಚ್ಚು ಬೆಂದರೆ ಅದು ರಬ್ಬರಿನಂತಾಗುತ್ತದೆ. ಮತ್ತೆ ಒಂದೂವರೆ ಚಮಚ ಎಣ್ಣೆ, ಬೆಳ್ಳುಳ್ಳಿ. ಅದು ಘಮ್ಮೆಂದ ಕೂಡಲೇ, ಕೆಂಪಾಗುವ ಮುನ್ನವೇ ಮೊಟ್ಟೆ ಒಡೆದು ಹಾಕಿ ಒಂದೆರಡು ಬಾರಿ ಕದಡಿ. ಮೊಟ್ಟೆ ಅರ್ಧ ಗಟ್ಟಿಯಾದಾಗ ಅನ್ನ ಹಾಕಿ. ಸೌಟಿನ ಬೆನ್ನಿನಿಂದ ಅನ್ನವನ್ನು ಬಾಣಲೆಗೆ ಒತ್ತಿ, ಮಗುಚಿ, ಮತ್ತೆ ಒತ್ತಿ. ಎರಡು ಮೂರು ನಿಮಿಷ ಹೀಗೆ ಮಾಡಿದರೆ ಕಾಳುಗಳು ಕುಣಿಯತೊಡಗುತ್ತವೆ. ಆಗ ಕಲಸಿಟ್ಟ ಸಾಸನ್ನು ಅನ್ನದ ಮೇಲೆ ಸುರಿಯಬೇಡಿ, ಬಾಣಲೆಯ ಅಂಚಿನ ಸುತ್ತ ಸುರಿಯಿರಿ. ಬಿಸಿ ಲೋಹಕ್ಕೆ ತಾಗಿ ಚುಂಯ್ ಎನ್ನುವಾಗ ಏಳುವ ಪರಿಮಳವೇ ಥಾಯ್ ಬೀದಿಯ ಪರಿಮಳ. ನಂತರ ನೀರುಳ್ಳಿ, ಎಲೆಕೋಸು, ಟೊಮೆಟೊ ಸೇರಿಸಿ ಒಂದು ನಿಮಿಷ. ತರಕಾರಿ ಕರುಂ ಎನ್ನುವಂತಿರಲಿ. ಸಿಗಡಿಯನ್ನು ಮತ್ತೆ ಸೇರಿಸಿ, ಬಿಳಿ ಕಾಳುಮೆಣಸಿನ ಪುಡಿ ಮತ್ತು ಈರುಳ್ಳಿ ಹೂವು ಉದುರಿಸಿ ಇಳಿಸಿ.

ಆರು ಜನರಿದ್ದರೆ ಮೂರು ಬಾರಿ ಮಾಡಿ. ಕೂಡು ಕುಟುಂಬದವರಿಗೆ ಇದು ಬೇಸರದ ಮಾತು ಎಂದು ನನಗೆ ಗೊತ್ತು. ಆದರೆ ಒಮ್ಮೆಗೇ ಆರು ಕಪ್ ಅನ್ನ ತುಂಬಿದರೆ ಬಾಣಲೆಯ ಕಾವು ಇಳಿದು, ಅನ್ನ ಹುರಿಯುವ ಬದಲು ಹಬೆಯಲ್ಲಿ ಬೇಯುತ್ತದೆ. ಮನೆಯ ಗ್ಯಾಸಿನ ಉರಿ ಹೊಟೇಲಿನದರಷ್ಟು ಜೋರಲ್ಲ. ಒಂದೊಂದು ಸಲಕ್ಕೆ ಆರೇಳು ನಿಮಿಷ ಸಾಕು. ಮಕ್ಕಳಿಗೆ ಮೊದಲು ಬಡಿಸಿಬಿಡಿ.

ತಟ್ಟೆಯ ಬದಿಯಲ್ಲಿ ಸೌತೆಕಾಯಿಯ ಬಿಲ್ಲೆಗಳು, ಒಂದು ಹೋಳು ಲಿಂಬೆ ಇರಲೇಬೇಕು. ಇವು ಅಲಂಕಾರಕ್ಕಲ್ಲ. ತಿನ್ನುವ ಮೊದಲು ಲಿಂಬೆಯನ್ನು ಅನ್ನದ ಮೇಲೆ ಹಿಂಡಿಕೊಳ್ಳಬೇಕು. ಇದನ್ನು ತಿನ್ನಲು ಚೀನೀಯರಂತೆ ಕಡ್ಡಿಗಳೇ ಬೇಕೆಂದು ಕೆಲವರ ಕಲ್ಪನೆ. ಥಾಯ್ ಜನರು ಅನ್ನ ಉಣ್ಣುವುದು ಚಮಚದಲ್ಲಿ, ಎಡಗೈಯ ಫೋರ್ಕ್ ಬರೀ ಚಮಚಕ್ಕೆ ಅನ್ನ ತಳ್ಳಲು. ನಾವು ಬಲಗೈಯಲ್ಲಿ ತಿಂದರೆ ರುಚಿಗೆ ಏನೂ ಕಡಿಮೆಯಾಗುವುದಿಲ್ಲ.

ಇದರಲ್ಲೇ ಹಲವು ಬಗೆಗಳಿವೆ. ಸಿಗಡಿಯದ್ದು ಖಾವ್ ಪತ್ ಕುಂಗ್, ಕೋಳಿಯದ್ದು ಖಾವ್ ಪತ್ ಕಾಯ್, ಏಡಿಯದ್ದು ಖಾವ್ ಪತ್ ಪೂ. ನನ್ನನ್ನು ಕೇಳಿದರೆ ಏಡಿಯದ್ದೇ ಎಲ್ಲಕ್ಕಿಂತ ಮೇಲು, ಚಿಪ್ಪು ಬಿಡಿಸುವ ತಾಳ್ಮೆ ಇದ್ದರೆ. ಅನಾನಸಿನ ಒಳಗೆ ತುಂಬಿ ಗೋಡಂಬಿ ಹಾಕಿ ಕೊಡುವ ಬಗೆ ಚಿತ್ರಗಳಲ್ಲಿ ಬಹಳ ಚೆಂದ. ಹಬ್ಬದ ದಿನ ನೆಂಟರೆದುರು ಇಡಲು ಅಡ್ಡಿಯಿಲ್ಲ, ದಿನನಿತ್ಯಕ್ಕೆ ಅಷ್ಟು ಸಿಹಿ ಯಾಕೆ? ಇನ್ನು ಬಿರಿಯಾನಿ ಬಿಡಲಾರದವರಿಗೆ ಒಂದು ಸಂತೋಷದ ಸುದ್ದಿ. ಪಟ್ಟಾನಿ, ಯಾಲಾ, ನರಾತಿವಾಟ್‌ನಂಥ ದಕ್ಷಿಣದ ಪ್ರಾಂತಗಳಲ್ಲಿ ಮಲಯ್ ಮಾತಾಡುವ ಮುಸ್ಲಿಮರೇ ಹೆಚ್ಚು. ಥಾಯ್ಲೆಂಡಿನ ಮುಸ್ಲಿಮರ ಅಂಗಡಿಗಳಲ್ಲಿ ಸಿಗುವ 'ಖಾವ್ ಮೋಕ್ ಕಾಯ್' ನಮ್ಮ ಕೋಳಿ ಬಿರಿಯಾನಿಯ ಸಂಬಂಧಿಯೇ. ಅರಸಿನದ ಹಳದಿ ಅನ್ನದ ಮೇಲೆ ಹುರಿದ ಸಣ್ಣ ಈರುಳ್ಳಿ, ಬದಿಗೆ ಹುಳಿ ಸಿಹಿಯ ಹಸಿರು ಚಟ್ನಿ. ಅದರ ವಿಧಾನಕ್ಕೆ ಇನ್ನೊಂದು ಸಂಚಿಕೆಯ ಪುಟಗಳೇ ಬೇಕು.

ಕೊನೆಗೆ ಒಂದು ಬಟ್ಟಲು ಬಾಕಿ ಉಳಿಯಿತು. ಥಾಯ್ ಊಟದ ಮೇಜಿನಲ್ಲಿ ನಮ್ಮ ಉಪ್ಪಿನಕಾಯಿಯ ಜಾಗದಲ್ಲಿರುವುದು 'ಪ್ರಿಕ್ ನಾಂ ಪ್ಲಾ'. ಏಳೆಂಟು ಗಾಂಧಾರಿ ಮೆಣಸನ್ನು ಸಣ್ಣಗೆ ಕೊಚ್ಚಿ, ಮೂರು ದೊಡ್ಡ ಚಮಚ ಮೀನಿನ ಸಾಸ್, ಒಂದು ಚಮಚ ಲಿಂಬೆರಸ, ತೆಳ್ಳಗೆ ಹೆಚ್ಚಿದ ಎರಡು ಎಸಳು ಬೆಳ್ಳುಳ್ಳಿ ಹಾಕಿ ಕಲಸಿದರೆ ಆಯಿತು. ಉಪ್ಪೂ ಖಾರವೂ ಜೋರಾಗಿರುವುದರಿಂದ ಚಮಚದ ತುದಿಯಲ್ಲಿ ನಾಲ್ಕು ತೊಟ್ಟು ಸಾಕು. ಗಾಜಿನ ಬಾಟಲಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಕೆಲವು ದಿನ ಇರುತ್ತದೆ. ಮೂಗು ಮುಚ್ಚಿಕೊಂಡಿದ್ದ ನಮ್ಮ ಅತ್ತೆಯವರು ಈಗ ಕುಚ್ಚಲಕ್ಕಿ ಗಂಜಿಯ ಜೊತೆ ಇದನ್ನೇ ಕೇಳುತ್ತಾರೆ. ಅವರಿಗೆ ಬಿ.ಪಿ. ಇರುವುದರಿಂದ ಬಾಟಲಿ ಇರುವುದು ನನ್ನ ಕೈಯಲ್ಲಿ.